ಒಂದು ಆರ್ಡರ್‌ನ ಲೆಕ್ಕ: ಚಿಕ್ಕ ಆನ್‌ಲೈನ್ ವ್ಯಾಪಾರ ಉಳಿಯುವುದು ಹೇಗೆ

ಆನ್‌ಲೈನ್‌ನಲ್ಲಿ ಏನನ್ನಾದರೂ ಮಾರಲು ಹೊರಟವರು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. ಜಾಸ್ತಿ ಜನರನ್ನು ನಮ್ಮ ಅಂಗಡಿಗೆ ಕರೆತರುವುದು ಹೇಗೆ? ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಒಂದು ಆರ್ಡರ್ ಬಂದು, ಪ್ಯಾಕ್ ಆಗಿ, ಗಿರಾಕಿಯ ಕೈ ಸೇರಿದ ಮೇಲೆ ನನ್ನ ಕೈಯಲ್ಲಿ ಎಷ್ಟು ಉಳಿಯಿತು?

ಇದಕ್ಕೆ ಉತ್ತರ ಗೊತ್ತಿಲ್ಲದೆಯೇ ಹಗಲು ರಾತ್ರಿ ದುಡಿಯುವವರು ಬಹಳ ಜನ. ಆರ್ಡರ್ ಬರುತ್ತಲೇ ಇರುತ್ತದೆ. ಡಬ್ಬಗಳು ಹೋಗುತ್ತಲೇ ಇರುತ್ತವೆ. ವರ್ಷದ ಕೊನೆಗೆ ಬ್ಯಾಂಕ್ ಖಾತೆ ನೋಡಿದರೆ ಏನೂ ಇಲ್ಲ. ದುಡ್ಡು ಎಲ್ಲಿ ಹೋಯಿತು ಅಂತ ತಿಳಿಯುವುದೂ ಇಲ್ಲ. ಚಿಕ್ಕ ವ್ಯಾಪಾರ ಅಂದರೆ ಅದೇ ಆರ್ಡರ್ ಮತ್ತೆ ಮತ್ತೆ ನಡೆಯುವುದು, ಅಷ್ಟೇ. ಹಾಗಾಗಿ ಒಂದೇ ಒಂದು ಆರ್ಡರ್‌ನ ಬೆನ್ನು ಹಿಡಿದು ಹೋಗೋಣ. ಈ ವ್ಯಾಪಾರದ ಮುಖ್ಯ ಸೂತ್ರಗಳೆಲ್ಲ ಆ ದಾರಿಯಲ್ಲೇ ಸಿಗುತ್ತವೆ.

ಹಾಳೆಯ ಮೇಲೆ ಆರು ಸಾಲು

ನೀವು ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾರುತ್ತೀರಿ ಅಂದುಕೊಳ್ಳಿ. ಬೆಲೆ 100. ಯಾವ ದೇಶದ ಹಣವಾದರೂ ಆಗಲಿ, ಲೆಕ್ಕ ಬದಲಾಗುವುದಿಲ್ಲ. ಇದರಲ್ಲಿ ತೆರಿಗೆ ಸೇರಿಲ್ಲ. ತೆರಿಗೆ ನಿಮ್ಮ ದುಡ್ಡಲ್ಲ, ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಕಟ್ಟಬೇಕಾದದ್ದು. ಅದನ್ನು ಮೊದಲ ದಿನದಿಂದಲೇ ಬೇರೆ ಇಡಿ.

ಕಾಗದ, ದಾರ, ರಟ್ಟು, ಹೊಲಿದವರ ಕೂಲಿ ಎಲ್ಲ ಸೇರಿ ಅಸಲು 40. ಡಬ್ಬ, ಟೇಪು, ಲೇಬಲ್‌ಗೆ 4. ಕೊರಿಯರ್‌ಗೆ 12. ಗಿರಾಕಿಯ ದುಡ್ಡನ್ನು ಆನ್‌ಲೈನ್‌ನಲ್ಲಿ ಪಡೆದು ನಿಮ್ಮ ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇ ಹಿಡಿದುಕೊಳ್ಳುವ ಕಮಿಷನ್ 3. ಇಲ್ಲಿಗೆ 59 ಆಯಿತು. ಉಳಿದದ್ದು 41. ಬಹಳಷ್ಟು ಜನ ಲೆಕ್ಕ ನಿಲ್ಲಿಸುವುದು ಇಲ್ಲೇ. ಖುಷಿಯಾಗುತ್ತದೆ, ಅಲ್ವಾ? ಆದರೆ ಇನ್ನೂ ಎರಡು ಸಾಲು ಬಾಕಿ ಇವೆ. ದೊಡ್ಡ ಪೆಟ್ಟು ಕೊಡುವುದು ಅವೇ.

ಒಂದು, ವಾಪಸ್ ಬರುವ ಮಾಲು. ಹತ್ತು ಆರ್ಡರ್‌ನಲ್ಲಿ ಒಂದು ವಾಪಸ್ ಬಂತು ಅನ್ನಿ. ಹೋಗುವಾಗಿನ ಕೊರಿಯರ್ 12 ಹೋಯಿತು. ಬರುವಾಗಿನದು ಇನ್ನೊಂದು 12. ಪ್ಯಾಕಿಂಗ್ 4. ಹಣ ಹಿಂದಿರುಗಿಸಿದರೂ ಕಮಿಷನ್ 3 ಎಷ್ಟೋ ಸಲ ವಾಪಸ್ ಸಿಗುವುದಿಲ್ಲ. ಬಂದ ನೋಟ್‌ಬುಕ್‌ಗಳಲ್ಲಿ ಅರ್ಧದಷ್ಟು ಮಾತ್ರ ಹೊಸದಾಗಿ ಮಾರುವಂತಿದ್ದರೆ ಅಸಲಿನಲ್ಲೂ ಸರಾಸರಿ 20 ಹೋಯಿತು. ಒಟ್ಟು 51. ಇದನ್ನು ಉಳಿದ ಒಂಬತ್ತು ಆರ್ಡರ್‌ಗಳೇ ಹೊರಬೇಕು. ಒಂದೊಂದರ ತಲೆಗೆ ಸುಮಾರು 6.

ಇನ್ನೊಂದು, ಜಾಹೀರಾತು. ಒಂದು ಕ್ಲಿಕ್‌ಗೆ 0.60 ಕೊಟ್ಟು ನೂರು ಜನರನ್ನು ಕರೆತಂದಿರಿ. ಖರ್ಚು 60. ಆನ್‌ಲೈನ್ ಅಂಗಡಿಗೆ ಬಂದ ನೂರರಲ್ಲಿ ಇಬ್ಬರೋ ಮೂವರೋ ಕೊಂಡರೆ ಅದು ಸಾಮಾನ್ಯ ಸಂಗತಿ. ಇಬ್ಬರು ಕೊಂಡರು ಅಂತಿಟ್ಟುಕೊಳ್ಳಿ. ಒಬ್ಬ ಗಿರಾಕಿಯನ್ನು ತರಲು 30 ಖರ್ಚಾಯಿತು.

ಈಗ 41ರಲ್ಲಿ 6 ಕಳೆಯಿರಿ, 30 ಕಳೆಯಿರಿ. ಉಳಿಯುವುದು 5.

ಇದು ಯಾರನ್ನೂ ಹೆದರಿಸಲು ಮಾಡಿದ ಲೆಕ್ಕ ಅಲ್ಲ. ನಿಮ್ಮ ವಸ್ತುವಿಗೆ ಅಂಕಿಗಳು ಬೇರೆ ಇರುತ್ತವೆ. ಬಹಳ ವ್ಯಾಪಾರಿಗಳು ಒಂದೇ ತಾಣದಲ್ಲಿ ಮಾರುವ ದೊಡ್ಡ ಮಾರ್ಕೆಟ್‌ಪ್ಲೇಸ್‌ನಲ್ಲಿ ಮಾರಿದರೆ ಕಮಿಷನ್ ಸಾಲು ಹಿಗ್ಗುತ್ತದೆ, ಜಾಹೀರಾತಿನ ಸಾಲು ಕುಗ್ಗಬಹುದು. ಡಿಜಿಟಲ್ ಪುಸ್ತಕವನ್ನೋ ಪಾಠವನ್ನೋ ಮಾರಿದರೆ ಕೊರಿಯರ್ ಸಾಲೇ ಇರುವುದಿಲ್ಲ. ಆದರೆ ಆರೂ ಸಾಲು ಬರೆಯಲೇಬೇಕು. ಸೊನ್ನೆ ಇದ್ದರೆ ಸೊನ್ನೆ ಅಂತ ಬರೆಯಿರಿ. ಬರೆಯದೆ ಬಿಟ್ಟ ಸಾಲಿನಿಂದಲೇ ದುಡ್ಡು ಸೋರುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಮಾತು ನಷ್ಟಕ್ಕೂ ಹೊಂದುತ್ತದೆ.

ಆ 5 ಕೂಡ ಪೂರ್ತಿ ನಿಮ್ಮದಲ್ಲ. ವೆಬ್‌ಸೈಟ್ ಬಾಡಿಗೆ, ಸಾಫ್ಟ್‌ವೇರ್ ಚಂದಾ, ಲೆಕ್ಕಪತ್ರ ನೋಡುವವರ ಫೀಸು, ಮುಖ್ಯವಾಗಿ ನಿಮ್ಮ ಸ್ವಂತ ದುಡಿಮೆಯ ಸಂಬಳ, ಇವೆಲ್ಲ ಆರ್ಡರ್ ಬಂದರೂ ಬರದಿದ್ದರೂ ಕೊಡಬೇಕಾದವು. ತಿಂಗಳಿಗೆ ಇದು 1000 ಆದರೆ, ಬರೀ ಲೆಕ್ಕ ಸರಿದೂಗಿಸಲು 200 ಆರ್ಡರ್ ಬೇಕು. ನಿಮ್ಮ ಸಂಬಳವನ್ನು ಲೆಕ್ಕಕ್ಕೆ ಹಿಡಿಯದೆ ‘ಲಾಭ ಬರುತ್ತಿದೆ’ ಅನ್ನಬೇಡಿ, ಇದನ್ನು ನಾನು ಒತ್ತಿ ಹೇಳುತ್ತೇನೆ. ಅದು ಲಾಭವಲ್ಲ. ನಿಮ್ಮ ಬಿಟ್ಟಿ ದುಡಿಮೆ ಲಾಭದ ವೇಷ ಹಾಕಿಕೊಂಡಿದೆ.

ದೊಡ್ಡವರು ಮುಳುಗಿದ್ದೂ ಇಲ್ಲೇ

ಒಂದು ಆರ್ಡರ್‌ನಲ್ಲಿ ನಷ್ಟವಿದ್ದರೂ ಸಂಖ್ಯೆ ಜಾಸ್ತಿಯಾದಾಗ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ ಹಳೆಯದು. ಅಮೆರಿಕದ ಪೆಟ್ಸ್ ಡಾಟ್ ಕಾಮ್ ಸಾಕುಪ್ರಾಣಿಗಳ ಆಹಾರ, ಸಾಮಾನುಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಿತ್ತು. 2000ದ ಜನವರಿಯಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯದ ನಡುವೆ ಅದರ ಜಾಹೀರಾತು ಬಂತು. ಫೆಬ್ರವರಿಯಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಇಳಿಯಿತು. ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಅದು ಎಷ್ಟೋ ಸರಕನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರುತ್ತಿತ್ತು. ಮೇಲೆ ಭಾರದ ಚೀಲಗಳನ್ನು ದೂರದೂರಕ್ಕೆ ಸಾಗಿಸುವ ಖರ್ಚು. ಜಾಹೀರಾತು ಚೆನ್ನಾಗಿ ಕೆಲಸ ಮಾಡಿದಷ್ಟೂ ನಷ್ಟ ಬೆಳೆಯಿತು.

ದಿನಸಿ ಸಾಮಾನು ಮನೆಗೆ ತಲುಪಿಸುತ್ತಿದ್ದ ವೆಬ್‌ವ್ಯಾನ್‌ನ ಕತೆಯೂ ಅದೇ. 1996ರಲ್ಲಿ ಶುರುವಾಯಿತು. ಮೊದಲ ಗೋದಾಮು ತನ್ನ ಖರ್ಚನ್ನು ತಾನೇ ದುಡಿಯುವ ಮೊದಲೇ ಇನ್ನೂ ಹತ್ತಾರು ಗೋದಾಮು ಕಟ್ಟಿಸಲು ಸುಮಾರು 100 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. 2001ರ ಜುಲೈನಲ್ಲಿ ಮುಚ್ಚಿತು. ಅವರ ಹತ್ತಿರ ದುಡ್ಡಿತ್ತು, ಬುದ್ಧಿವಂತರಿದ್ದರು, ಗಿರಾಕಿಗಳೂ ಇದ್ದರು. ಒಂದು ಆರ್ಡರ್ ತನ್ನ ಖರ್ಚನ್ನು ತಾನು ಹೊರುತ್ತಿರಲಿಲ್ಲ. ಚಿಕ್ಕ ವ್ಯಾಪಾರಕ್ಕೆ ಇನ್ನೊಂದು ಸಲ ಬಂಡವಾಳ ತಂದು ಸುರಿಯುವವರು ಇರುವುದಿಲ್ಲ. ಹಾಗಾಗಿ ನಮಗೆ ಈ ಸೂತ್ರ ಇನ್ನೂ ಕಟ್ಟುನಿಟ್ಟು.

ಡಿಸ್ಕೌಂಟ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಮೇಲಿನ ನೋಟ್‌ಬುಕ್‌ಗೆ ಶೇ. 10 ರಿಯಾಯಿತಿ ಕೊಟ್ಟರೆ ಉಳಿಯುತ್ತಿದ್ದ 5 ಹೋಗಿ, ಕೈಯಿಂದ 5 ಕಟ್ಟಬೇಕಾಗುತ್ತದೆ. ಜಾಹೀರಾತು ಇಲ್ಲದೆ ತಾನಾಗಿ ಬಂದ ಗಿರಾಕಿಯಾದರೆ ಉಳಿತಾಯ 35ರಿಂದ 25ಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ದುಡ್ಡು ಕಾಣಲು ಶೇ. 40ರಷ್ಟು ಜಾಸ್ತಿ ಆರ್ಡರ್ ಪ್ಯಾಕ್ ಮಾಡಬೇಕು. ಗಿರಾಕಿಯ ಕಣ್ಣಿಗೆ ಹತ್ತು ಚಿಕ್ಕದು. ನಿಮ್ಮ ಹಾಳೆಯಲ್ಲಿ ಅದು ಲಾಭದ ದೊಡ್ಡ ತುಂಡು. ಇನ್ನೊಂದು ತೊಂದರೆಯೂ ಇದೆ. ಪದೇ ಪದೇ ಡಿಸ್ಕೌಂಟ್ ಕೊಟ್ಟರೆ ಜನ ಮುಂದಿನ ಡಿಸ್ಕೌಂಟ್‌ಗೆ ಕಾಯಲು ಕಲಿಯುತ್ತಾರೆ. ಬೆಲೆ ಏರಿಸಲು ಹೆದರುವ ಚಿಕ್ಕ ವ್ಯಾಪಾರಿಗಳನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. 100ಕ್ಕೆ ಕೊಳ್ಳುವವರು 110ಕ್ಕೂ ಕೊಂಡರೆ ಅದೇ ಕೆಲಸಕ್ಕೆ ಉಳಿತಾಯ ಮೂರು ಪಟ್ಟು. ಒಮ್ಮೆ ಏರಿಸಿ ನೋಡದೆ ಇದು ಗೊತ್ತಾಗುವುದೇ ಇಲ್ಲ.

ಏನು ಮಾರುವುದು

ಜೆಫ್ ಬೆಜೋಸ್ ಅಮೆಜಾನ್ ಶುರು ಮಾಡುವ ಮೊದಲು ಯಾವ ವಸ್ತು ಮಾರಬೇಕು ಅಂತ ಪಟ್ಟಿ ಮಾಡಿ ಯೋಚಿಸಿದ್ದರು. ಕೊನೆಗೆ ಆರಿಸಿದ್ದು ಪುಸ್ತಕ. 1995ರ ಜುಲೈನಲ್ಲಿ ಅಂಗಡಿ ತೆರೆಯಿತು. ಜಗತ್ತಿನಲ್ಲಿರುವ ಪುಸ್ತಕಗಳನ್ನೆಲ್ಲ ಯಾವ ಅಂಗಡಿಯ ಕಪಾಟಿನಲ್ಲೂ ಇಡಲಾಗದು. ಆನ್‌ಲೈನ್‌ನಲ್ಲಿ ಪಟ್ಟಿಯನ್ನಾದರೂ ಇಡಬಹುದು. ಅದರ ಜೊತೆಗೆ ನಾನು ಇನ್ನೊಂದನ್ನು ಗಮನಿಸುತ್ತೇನೆ. ಪುಸ್ತಕ ಒಡೆಯುವುದಿಲ್ಲ, ಕೆಡುವುದಿಲ್ಲ. ಅದಕ್ಕೆ ಅಳತೆಯ ಗೊಡವೆ ಇಲ್ಲ. ಒಂದು ಪ್ರತಿಗೂ ಇನ್ನೊಂದು ಪ್ರತಿಗೂ ವ್ಯತ್ಯಾಸ ಇಲ್ಲ. ಅಂದರೆ ನಮ್ಮ ಹಾಳೆಯಲ್ಲಿ ಕೊರಿಯರ್ ಸಾಲೂ ವಾಪಸ್ ಸಾಲೂ ಹದ್ದುಬಸ್ತಿನಲ್ಲಿ ಇರುತ್ತವೆ.

ಚಿಕ್ಕವರಿಗೂ ಇದೇ ಯೋಚನೆ ಬೇಕು. ಬೆಲೆಗೆ ಹೋಲಿಸಿದರೆ ಹಗುರವಾಗಿದೆಯೇ? ದಾರಿಯಲ್ಲಿ ಒಡೆಯುತ್ತದೆಯೇ? ಅಳತೆ, ಬಣ್ಣ ಹೊಂದಲಿಲ್ಲ ಅಂತ ವಾಪಸ್ ಬರುವ ಜಾತಿಯದೇ? ಮುಗಿದ ಮೇಲೆ ಗಿರಾಕಿಗೆ ಮತ್ತೆ ಬೇಕಾಗುತ್ತದೆಯೇ? ಕೊನೆಯ ಪ್ರಶ್ನೆಗೆ ‘ಹೌದು’ ಅನ್ನುವ ವಸ್ತು ಸಿಕ್ಕಿದರೆ ಅರ್ಧ ಭಾರ ಇಳಿದಂತೆ. ಯಾಕೆ ಅಂತ ಕೊನೆಯಲ್ಲಿ ನೋಡೋಣ.

ಇನ್ನು ಬೇಡಿಕೆ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಮನೆಯವರನ್ನು, ಗೆಳೆಯರನ್ನು ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಪ್ರೀತಿಯಿಂದ ಹೇಳುತ್ತಾರೆ, ಆದರೆ ಅದು ಆರ್ಡರ್ ಅಲ್ಲ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಆನ್‌ಲೈನ್‌ನಲ್ಲಿ ಶೂ ಮಾರಬಹುದೇ ಅಂತ ನೋಡಬೇಕಿತ್ತು. ಅವರು ಗೋದಾಮು ಹಿಡಿಯಲಿಲ್ಲ. ಹತ್ತಿರದ ಶೂ ಅಂಗಡಿಗಳಿಗೆ ಹೋಗಿ ಫೋಟೋ ತೆಗೆದು ವೆಬ್‌ಸೈಟ್‌ಗೆ ಹಾಕಿದರು. ಯಾರಾದರೂ ಆರ್ಡರ್ ಮಾಡಿದರೆ ಅದೇ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಕೊಂಡು ಕಳಿಸಿದರು. ಅದರಲ್ಲಿ ಲಾಭ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಣ್ಣಾರೆ ನೋಡದೆ, ಕಾಲಿಗೆ ಹಾಕದೆ ಜನ ಶೂ ಕೊಳ್ಳುತ್ತಾರೆಯೇ ಅನ್ನುವ ಒಂದೇ ಪ್ರಶ್ನೆಗೆ ಅವರಿಗೆ ಉತ್ತರ ಬೇಕಿತ್ತು. ಉತ್ತರ ಸಿಕ್ಕಿತು. ಅದು ಝಾಪೋಸ್ ಕಂಪನಿಯಾಗಿ ಬೆಳೆಯಿತು. 2009ರಲ್ಲಿ ಅಮೆಜಾನ್ ಅದನ್ನು ಕೊಂಡುಕೊಂಡಿತು.

ಇನ್ನೂರು ನೋಟ್‌ಬುಕ್ ಹೊಲಿಸುವ ಮೊದಲು ಐದು ಹೊಲಿಸಿ. ಪರಿಚಯವೇ ಇಲ್ಲದ ಐದು ಜನ ದುಡ್ಡು ಕೊಟ್ಟು ಕೊಂಡರೆ ಮುಂದಿನ ಇಪ್ಪತ್ತು ಹೊಲಿಸಿ.

ಒಂದು ಮಾತು ಇನ್ನೂ ಇದೆ. ಎಲ್ಲರಿಗೂ ಎಲ್ಲವನ್ನೂ ಮಾರುವ ಅಂಗಡಿಯ ಜೊತೆ ಚಿಕ್ಕವರು ಸೆಣಸಲಾಗದು. ಆದರೆ ಎಡಗೈಯಲ್ಲಿ ಬರೆಯುವವರಿಗೆ ಒಗ್ಗುವ ನೋಟ್‌ಬುಕ್, ಶಾಯಿ ಪೆನ್ನಿನಲ್ಲಿ ಬರೆದರೆ ಹಿಂಬದಿಗೆ ಇಳಿಯದ ಕಾಗದ, ಇಂಥದ್ದರಲ್ಲಿ ಚಿಕ್ಕವರೇ ಗೆಲ್ಲುತ್ತಾರೆ. ಅದನ್ನೇ ಹುಡುಕುತ್ತಿರುವವರು ಊರಿಗೊಬ್ಬರೇ ಇರಬಹುದು. ಇಂಟರ್‌ನೆಟ್‌ನಲ್ಲಿ ಆ ಊರಿಗೊಬ್ಬರು ಎಲ್ಲ ಸೇರಿದರೆ ಒಂದು ಒಳ್ಳೆಯ ಅಂಗಡಿ ನಡೆಯುವಷ್ಟು ಜನ ಆಗುತ್ತಾರೆ.

ಮುಟ್ಟಿ ನೋಡಲಾಗದವರ ನಂಬಿಕೆ

ಆನ್‌ಲೈನ್ ಗಿರಾಕಿ ವಸ್ತುವನ್ನು ಮುಟ್ಟುವುದಿಲ್ಲ, ನಿಮ್ಮ ಮುಖ ನೋಡುವುದಿಲ್ಲ. ದುಡ್ಡು ಮೊದಲು ಕೊಟ್ಟು ಡಬ್ಬಕ್ಕೆ ಕಾಯುತ್ತಾರೆ. ಯೋಚಿಸಿದರೆ ಇದು ದೊಡ್ಡ ವಿಶ್ವಾಸ.

ಪಿಯರ್ ಒಮಿಡಿಯಾರ್ 1995ರಲ್ಲಿ ಒಂದು ಹರಾಜು ವೆಬ್‌ಸೈಟ್ ಮಾಡಿದರು. ಮುಂದೆ ಅದೇ ಇಬೇ ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಇದು ಕೆಟ್ಟಿದೆ ಅಂತ ಗೊತ್ತು ತಾನೇ ಎಂದು ಒಮಿಡಿಯಾರ್ ಕೊಂಡವರನ್ನು ಕೇಳಿದರು. ಗೊತ್ತು, ನಾನು ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನೇ ಸಂಗ್ರಹಿಸುತ್ತೇನೆ ಅನ್ನುವ ಉತ್ತರ ಬಂತು. ಈ ಕತೆಯನ್ನು ಏನು ಬೇಕಾದರೂ ಮಾರಬಹುದು ಅನ್ನಲು ಬಳಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಕೆಟ್ಟದ್ದನ್ನು ಕೆಟ್ಟದ್ದು ಅಂತಲೇ ಹೇಳಿ ಮಾರಿದರು, ಆಮೇಲೂ ಒಮ್ಮೆ ಕೇಳಿ ಖಚಿತಪಡಿಸಿಕೊಂಡರು. 1996ರಲ್ಲಿ ಅದೇ ಸೈಟ್‌ನಲ್ಲಿ ಕೊಂಡವರೂ ಮಾರಿದವರೂ ಒಬ್ಬರ ಬಗ್ಗೆ ಒಬ್ಬರು ಅಭಿಪ್ರಾಯ ಬರೆಯುವ ಏರ್ಪಾಡು ಬಂತು. ಇಂದು ಎಲ್ಲ ಕಡೆ ಕಾಣುವ ನಕ್ಷತ್ರಗಳ ರೇಟಿಂಗ್ ಅದೇ ಮನೆತನದ್ದು. ಮುಖ ಕಾಣದವರ ನಡುವಿನ ವಿಶ್ವಾಸಕ್ಕೆ ಸಾಕ್ಷಿ ಬೇಕು, ಆ ಸಾಕ್ಷಿ ಹಿಂದೆ ಕೊಂಡವರ ಮಾತು.

ವ್ಯಾಪಾರಂ ದ್ರೋಹಚಿಂತನಂ ಅನ್ನುವ ಮಾತಿದೆ. ಆನ್‌ಲೈನ್‌ನಲ್ಲಿ ಹಾಗೆ ನಡೆದುಕೊಂಡವರಿಗೆ ವಾಪಸ್ ಸಾಲೇ ಪಾಠ ಕಲಿಸುತ್ತದೆ. ಫೋಟೋದಲ್ಲಿ ನೋಟ್‌ಬುಕ್ ದೊಡ್ಡದಾಗಿ ಕಂಡು, ಕೈಗೆ ಬಂದಾಗ ಅಂಗೈಯಷ್ಟಿದ್ದರೆ ಅದು ವಾಪಸ್ ಬರುತ್ತದೆ. ಜೊತೆಗೆ ಒಂದು ಕೆಟ್ಟ ರಿವ್ಯೂ ಬರುತ್ತದೆ. ಅದಕ್ಕೇ ಅಳತೆ ಬರೆಯಿರಿ, ತೂಕ ಬರೆಯಿರಿ. ಕೈಯಲ್ಲಿ ಹಿಡಿದ ಫೋಟೋ ಹಾಕಿ. ಹೊಲಿಗೆ ಹತ್ತಿರದಿಂದ ತೋರಿಸಿ. ‘ಈ ಕಾಗದಕ್ಕೆ ಜಲವರ್ಣ ಹೊಂದುವುದಿಲ್ಲ’ ಅಂತ ನೀವೇ ಬರೆದರೆ ನಾಲ್ಕು ಜನ ಕೊಳ್ಳದೆ ಹೋಗಬಹುದು. ಆ ನಾಲ್ವರೂ ವಾಪಸ್ ಕಳಿಸುತ್ತಿದ್ದವರೇ. ಉಳಿದವರಿಗೆ ನಿಮ್ಮ ಮಿಕ್ಕ ಮಾತುಗಳ ಮೇಲೂ ವಿಶ್ವಾಸ ಬರುತ್ತದೆ. ವಾಪಸ್ ನಿಯಮವನ್ನು ಚಿಕ್ಕ ಅಕ್ಷರದಲ್ಲಿ ಮೂಲೆಗೆ ತಳ್ಳದೆ ವಸ್ತುವಿನ ಪಕ್ಕದಲ್ಲೇ ನಾಲ್ಕು ಸರಳ ಸಾಲಿನಲ್ಲಿ ಬರೆಯಿರಿ.

ದುಡ್ಡು ಕೊಡಲು ಬಂದವರು ಯಾಕೆ ವಾಪಸ್ ಹೋಗುತ್ತಾರೆ

ಕಾರ್ಟ್‌ಗೆ ಹಾಕಿದ ವಸ್ತುವನ್ನು ಕೊಳ್ಳದೆ ಬಿಟ್ಟುಹೋಗುವುದು ಎಷ್ಟು ಅಂತ ಆನ್‌ಲೈನ್ ಅಂಗಡಿಗಳ ಬಳಕೆಯನ್ನು ಅಧ್ಯಯನ ಮಾಡುವ ಬೇಮಾರ್ಡ್ ಸಂಸ್ಥೆ ವರ್ಷಗಳಿಂದ ಲೆಕ್ಕ ಇಡುತ್ತಿದೆ. ಸರಾಸರಿ ಸುಮಾರು ಶೇ. 70. ಹತ್ತರಲ್ಲಿ ಏಳು! ಅದರಲ್ಲಿ ಸುಮ್ನೆ ನೋಡಲು ಬಂದವರೂ ಇರುತ್ತಾರೆ. ಆದರೆ ಕೊಳ್ಳುವ ಮನಸ್ಸಿದ್ದೂ ಬಿಟ್ಟವರು ಹೇಳುವ ದೊಡ್ಡ ಕಾರಣ, ಕೊನೆಯ ಹೆಜ್ಜೆಯಲ್ಲಿ ಮೇಲೆ ಬೀಳುವ ಸಾಗಾಣಿಕೆ, ತೆರಿಗೆ, ಇತರ ಶುಲ್ಕ. ಕೊರಿಯರ್ ಖರ್ಚನ್ನು ಗಿರಾಕಿಯಿಂದ ಪಡೆಯುವುದು ತಪ್ಪಲ್ಲ. ಮೊದಲೇ ಹೇಳದಿರುವುದು ತಪ್ಪು.

ಜೇರೆಡ್ ಸ್ಪೂಲ್ ಎಂಬ ವೆಬ್ ವಿನ್ಯಾಸ ಪರಿಣತರು 2009ರಲ್ಲಿ ಬರೆದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಒಂದು ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಖಾತೆ ತೆರೆಯಲೇಬೇಕಿತ್ತು. ಹೊಸಬರಿಗೆ ಅದು ಕಿರಿಕಿರಿ. ಹಳಬರಿಗೆ ಪಾಸ್‌ವರ್ಡ್ ನೆನಪಿಲ್ಲ. ಖಾತೆ ತೆರೆಯಿರಿ ಅನ್ನುವ ಬಟನ್ ತೆಗೆದು, ಖಾತೆ ಇಲ್ಲದೆಯೂ ಮುಂದುವರಿಯಬಹುದು ಅನ್ನುವ ಬಟನ್ ಇಟ್ಟರು. ಕೊಳ್ಳುವವರು ಶೇ. 45ರಷ್ಟು ಹೆಚ್ಚಿದರು. ಮೊದಲ ವರ್ಷ ಮಾರಾಟ 30 ಕೋಟಿ ಡಾಲರ್ ಜಾಸ್ತಿಯಾಯಿತು.

ಇದನ್ನು ನಮ್ಮ ಹಾಳೆಗೆ ತನ್ನಿ. ಜಾಹೀರಾತಿಗೆ ಅದೇ 60 ಖರ್ಚು. ನೂರರಲ್ಲಿ ಇಬ್ಬರ ಬದಲು ಮೂವರು ಕೊಂಡರು. ಒಬ್ಬರಿಗೆ ಬಿದ್ದ ಖರ್ಚು 30ರಿಂದ 20ಕ್ಕೆ ಇಳಿಯಿತು. ಉಳಿತಾಯ 5ರಿಂದ 15ಕ್ಕೆ ಏರಿತು. ತಿಂಗಳ 1000ದ ಖರ್ಚಿಗೆ 200 ಆರ್ಡರ್ ಬೇಕಿದ್ದಲ್ಲಿ 67 ಸಾಕು. ನೂರಕ್ಕೆ ಒಬ್ಬರು ಹೆಚ್ಚಾಗಿದ್ದಕ್ಕೆ ಇಷ್ಟು. ಹಾಗಾಗಿ ಜನರನ್ನು ಕರೆತರಲು ದುಡ್ಡು ಸುರಿಯುವ ಮೊದಲು ಬಂದವರು ಎಲ್ಲಿ ಎಡವುತ್ತಿದ್ದಾರೆ ಅಂತ ನೋಡುವುದು ಅಗ್ಗದ ಕೆಲಸ. ಮೊಬೈಲ್‌ನಲ್ಲಿ ಪುಟ ತೆರೆಯಲು 3 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಅರ್ಧಕ್ಕೂ ಹೆಚ್ಚು ಭೇಟಿಗಳು ಅಲ್ಲೇ ಮುಗಿಯುತ್ತವೆ ಅಂತ ಗೂಗಲ್ 2016ರಲ್ಲಿ ಹೇಳಿತ್ತು. ಪರೀಕ್ಷೆ ಕಷ್ಟವಲ್ಲ. ನಿಮ್ಮ ಅಂಗಡಿಯನ್ನು ಒಮ್ಮೆಯೂ ನೋಡದ ಒಬ್ಬರ ಕೈಗೆ ಹಳೆಯ ಮೊಬೈಲ್ ಕೊಡಿ. ಒಂದು ನೋಟ್‌ಬುಕ್ ಕೊಳ್ಳಿ ಅನ್ನಿ. ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿ. ಅವರ ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲೇ ನಿಮ್ಮ ಕೆಲಸ ಇದೆ.

ಬಾಡಿಗೆ ಮನೆ, ಸ್ವಂತ ಮನೆ

ಗಿರಾಕಿಗಳು ಬರುವ ದಾರಿಗಳು ಹೆಚ್ಚೇನಿಲ್ಲ. ಹುಡುಕಾಟ, ಸಾಮಾಜಿಕ ಜಾಲತಾಣ, ಮಾರ್ಕೆಟ್‌ಪ್ಲೇಸ್, ಜಾಹೀರಾತು, ಬಾಯಿಮಾತು. ಇವುಗಳಲ್ಲಿ ಮೊದಲ ನಾಲ್ಕು ಬೇರೆಯವರ ಕೈಯಲ್ಲಿವೆ. 2011ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಹುಡುಕಾಟದ ಕ್ರಮವನ್ನು ಬದಲಾಯಿಸಿತು. ಪಾಂಡಾ ಅಂತ ಅದರ ಹೆಸರು. ಟೊಳ್ಳು ಬರಹದ ಸೈಟ್‌ಗಳನ್ನು ಕೆಳಗಿಳಿಸುವುದು ಉದ್ದೇಶ. ಅಮೆರಿಕದ ಹುಡುಕಾಟಗಳಲ್ಲಿ ಸುಮಾರು ಶೇ. 12ರ ಫಲಿತಾಂಶ ಬದಲಾಯಿತು. ಎಷ್ಟೋ ಸೈಟ್‌ಗಳಿಗೆ ಬರುತ್ತಿದ್ದ ಜನ ಕೆಲವೇ ದಿನಗಳಲ್ಲಿ ಬಹಳ ಕಡಿಮೆಯಾದರು. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಮನೆಯವರು, ಗೆಳೆಯರ ಪೋಸ್ಟ್‌ಗಳಿಗೆ ಆದ್ಯತೆ ಕೊಡುತ್ತೇನೆ ಅಂದಿತು. ವ್ಯಾಪಾರದ ಪೇಜ್‌ಗಳು ಹಿಂದೆ ಸರಿದವು. ವೈನ್ ಅನ್ನುವ ವಿಡಿಯೋ ತಾಣವಂತೂ 2017ರ ಜನವರಿಯಲ್ಲಿ ಮುಚ್ಚಿಯೇ ಹೋಯಿತು. ಅಲ್ಲಿ ಲಕ್ಷಗಟ್ಟಲೆ ಅನುಯಾಯಿಗಳಿದ್ದವರು ಬೇರೆ ಕಡೆ ಮೊದಲಿನಿಂದ ಶುರು ಮಾಡಬೇಕಾಯಿತು.

ಇದನ್ನು ಅನ್ಯಾಯ ಅನ್ನಲಾಗದು. ಬಾಡಿಗೆ ಮನೆಯ ಗೋಡೆಗೆ ಯಾವ ಬಣ್ಣ ಅಂತ ಮಾಲೀಕರೇ ತೀರ್ಮಾನಿಸುತ್ತಾರೆ. ಬಾಡಿಗೆ ಮನೆಯಲ್ಲಿ ಇರುವುದೂ ತಪ್ಪಲ್ಲ, ಶುರುವಿಗೆ ಅದೇ ಸರಿ. ಆದರೆ ಅಲ್ಲಿ ಸಿಕ್ಕ ಗಿರಾಕಿಯ ಜೊತೆ ನೇರವಾಗಿ ಮಾತಾಡುವ ದಾರಿಯೊಂದು ನಿಮ್ಮ ಹತ್ತಿರ ಇರಬೇಕು. ಸ್ವಂತ ಡೊಮೇನ್ ಹೆಸರು, ಅಂದರೆ ನಿಮ್ಮದೇ ವೆಬ್‌ಸೈಟ್ ವಿಳಾಸ. ಗಿರಾಕಿಗಳ ಇಮೇಲ್ ಪಟ್ಟಿ. ಇವೆರಡು ನಿಮ್ಮವು. ಯಾವ ತಾಣ ಮುಚ್ಚಿದರೂ ಪಟ್ಟಿ ನಿಮ್ಮ ಜೊತೆ ಬರುತ್ತದೆ. ಸಾವಿರ ಅನುಯಾಯಿಗಳಿಗಿಂತ ಕೊಂಡವರ ನೂರು ಇಮೇಲ್ ವಿಳಾಸಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಆದರೆ ಕೇಳಿ ಪಡೆಯಿರಿ. ಬೇಡ ಅಂದ ತಕ್ಷಣ ಹೆಸರು ತೆಗೆಯಿರಿ. ಐರೋಪ್ಯ ಒಕ್ಕೂಟದಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ, ಜನರ ಖಾಸಗಿ ಮಾಹಿತಿಯನ್ನು ಕಾಪಾಡುವ ಜಿಡಿಪಿಆರ್‌ನಂಥ ನಿಯಮಗಳು ಇದನ್ನು ಕಾನೂನಾಗಿಯೇ ಮಾಡಿವೆ. ಕಾನೂನು ಇಲ್ಲದ ಕಡೆಯೂ ಇದು ಮರ್ಯಾದೆಯ ಪ್ರಶ್ನೆ. ನೂರು ಜನ ನಿಮಗೆ ತಮ್ಮ ಮನೆಯ ಬಾಗಿಲು ತೋರಿಸಿದ್ದಾರೆ. ದಿನಾ ಹೋಗಿ ಬಡಿಯಬಾರದು.

ಲಾಭ ಇದ್ದೂ ಕೈ ಖಾಲಿ

ಇದು ಹೊಸಬರಿಗೆ ಅರ್ಥವಾಗದ ಒಗಟು. ವ್ಯಾಪಾರ ಬೆಳೆಯುತ್ತಿದೆ, ಒಂದೊಂದು ಆರ್ಡರ್‌ನಲ್ಲೂ ಉಳಿತಾಯ ಇದೆ. ಆದರೂ ಖಾತೆಯಲ್ಲಿ ದುಡ್ಡಿಲ್ಲ. ಲೆಕ್ಕ ಹಾಕಿ ನೋಡೋಣ.

200 ನೋಟ್‌ಬುಕ್ ಹೊಲಿಸಿದಿರಿ. ತಲಾ 40ರಂತೆ 8000 ಇವತ್ತೇ ಕೊಡಬೇಕು. ಮಾರಾಟವಾಗಲು ಎರಡು ತಿಂಗಳು. ಆಮೇಲೆ ಗೇಟ್‌ವೇಯಿಂದ ದುಡ್ಡು ಖಾತೆಗೆ ಬರಲು ಕೆಲವು ದಿನ. ಮಾರ್ಕೆಟ್‌ಪ್ಲೇಸ್ ಆದರೆ ಇನ್ನೂ ತಡವಾಗಬಹುದು. ಎಲ್ಲ ಖರ್ಚು ಕಳೆದು ತಲಾ 5 ಉಳಿದರೆ ಕೈಗೆ ಬಂದದ್ದು 8000 ಅಸಲು, 1000 ಲಾಭ, ಒಟ್ಟು 9000. ತಿಂಗಳ ಖರ್ಚನ್ನು ಇದರಲ್ಲಿ ಹಿಡಿದೇ ಇಲ್ಲ. ಬೇಡಿಕೆ ಚೆನ್ನಾಗಿದೆ ಅಂತ ಈ ಸಲ 400 ಹೊಲಿಸಲು ಹೊರಟಿರಿ. ಬೇಕಾದದ್ದು 16000. ಇರುವುದು 9000. ಉಳಿದ 7000 ಎಲ್ಲಿಂದ? ಬೆಳವಣಿಗೆಯೇ ದುಡ್ಡನ್ನು ನುಂಗಿತು. ಬೇಗ ಬೆಳೆದಷ್ಟೂ ಬೇಗ ನುಂಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರೆ ಇಲ್ಲಿ ಅರ್ಥ ಇಷ್ಟೇ: 400ರ ಬದಲು 220 ಹೊಲಿಸಿ. ಅಥವಾ ಮುಂಗಡ ಆರ್ಡರ್ ತೆಗೆದುಕೊಳ್ಳಿ. ಇಲ್ಲವೇ ಹೊಲಿಯುವವರ ಜೊತೆ ಮಾತಾಡಿ ಅರ್ಧ ಈಗ, ಅರ್ಧ ಆಮೇಲೆ ಅಂತ ಒಪ್ಪಿಸಿ. ಮಾರಾಟವಾಗದೆ ಕೂತ ಸ್ಟಾಕ್ ಕೂಡ ದುಡ್ಡೇ, ಆದರೆ ಅದರಿಂದ ಕರೆಂಟ್ ಬಿಲ್ ಕಟ್ಟಲಾಗದು.

ಎರಡನೇ ಆರ್ಡರ್

ಡಬ್ಬ ಹೊರಟ ಮೇಲೆ ಕೆಲಸ ಮುಗಿಯಿತು ಅಂತ ಅನ್ನಿಸುತ್ತದೆ. ಗಿರಾಕಿಗೆ ಹಾಗಲ್ಲ, ಅವರ ಕಾಯುವಿಕೆ ಶುರುವಾಗುವುದೇ ಆಗ. ಐದು ದಿನ ಹಿಡಿಯುತ್ತದೆ ಅಂತ ಗೊತ್ತಿದ್ದರೆ ಆರು ದಿನ ಅಂತ ಹೇಳಿ ಐದಕ್ಕೇ ತಲುಪಿಸಿ. ಮೂರು ಅಂತ ಹೇಳಿ ಐದಕ್ಕೆ ತಲುಪಿಸಬೇಡಿ. ಡಬ್ಬ ಅದೇ, ದಿನ ಅದೇ, ಆದರೆ ಗಿರಾಕಿಯ ಮನಸ್ಸಿನಲ್ಲಿ ನೀವು ಬೇರೆ ಬೇರೆ ಮನುಷ್ಯರಾಗುತ್ತೀರಿ. ತಡವಾಗುತ್ತದೆ ಅಂತ ತಿಳಿದ ಕೂಡಲೇ ಅವರು ಕೇಳುವ ಮೊದಲು ನೀವೇ ಬರೆಯಿರಿ. ನೋಟ್‌ಬುಕ್‌ನ ಮೂಲೆ ಮಡಚಿ ಹೋಗಿದ್ದರೆ ವಾದ ಬೇಡ, ಹೊಸದು ಕಳಿಸಿ. ಆಮೇಲೆ ಆ ದೂರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅದೇ ದೂರು ಮೂರು ಸಲ ಬಂದರೆ ತಪ್ಪು ಗಿರಾಕಿಯದಲ್ಲ, ಕೊರಿಯರ್‌ನದೂ ಅಲ್ಲ. ನಿಮ್ಮ ಡಬ್ಬ ತೆಳುವಾಗಿದೆ.

ಇಷ್ಟೆಲ್ಲ ಯಾಕೆ? ಒಳ್ಳೆಯತನಕ್ಕೆ ಹೌದು. ಆದರೆ ಹಾಳೆಯಲ್ಲೂ ಇದಕ್ಕೆ ಉತ್ತರ ಇದೆ. ಮೊದಲು ಬರೆದ ಆರು ಸಾಲನ್ನು ಮತ್ತೆ ತೆಗೆಯಿರಿ. ನಿಮ್ಮ ಹೆಸರು ನೆನಪಿಟ್ಟುಕೊಂಡು ತಾವಾಗಿಯೇ ಮತ್ತೆ ಬಂದ ಗಿರಾಕಿಗೆ ಜಾಹೀರಾತಿನ ಸಾಲಿನಲ್ಲಿ ಏನು ಬರೆಯಬೇಕು? ಸೊನ್ನೆ. ಅದೇ ನೋಟ್‌ಬುಕ್, ಅದೇ ಬೆಲೆ, ಉಳಿಯುವುದು 5 ಅಲ್ಲ, 35. ನಾಲ್ಕು ಗಿರಾಕಿಗಳು ಒಮ್ಮೊಮ್ಮೆ ಕೊಂಡು ಹೋದರೆ ಸಿಗುವುದು 20. ಆ ನಾಲ್ವರಲ್ಲಿ ಒಬ್ಬರು ಇನ್ನೊಮ್ಮೆ ಬಂದರೆ 55. ಇಬ್ಬರು ಬಂದರೆ 90.

ಪ್ರತಿ ತಿಂಗಳ ಮೊದಲ ದಿನ ನೋಡಲು ಒಂದೇ ಅಂಕಿ ಆರಿಸಿಕೊಳ್ಳಿ ಅಂದರೆ ನಾನು ಆರಿಸುವುದು ಅದನ್ನೇ. ಆರು ತಿಂಗಳ ಹಿಂದೆ ಮೊದಲ ಸಲ ಕೊಂಡವರ ಪಟ್ಟಿ ತೆಗೆಯಿರಿ. ಅವರಲ್ಲಿ ಎಷ್ಟು ಜನ ಮತ್ತೆ ಬಂದಿದ್ದಾರೆ ಅಂತ ಎಣಿಸಿ. ಬಾರದವರಲ್ಲಿ ಮೂವರಿಗೆ ಬರೆದು ಕೇಳಿ, ನೋಟ್‌ಬುಕ್ ಹೇಗಿತ್ತು ಅಂತ.